ಓದುಗರ ಪ್ರಶ್ನೆ: ಅನುದಾನ ಇಲ್ಲದೆ ಆನ್‌ಲೈನ್ ಸರ್ವೆ ಪ್ರಯೋಗ ಮಾಡುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಒಂದು ಸುದ್ದಿ ವರದಿಯಲ್ಲಿ ‘ಈ ವಿಷಯದಲ್ಲಿ ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ’ ಎಂಬ ಸಾಲು ಸೇರಿಸಿದರೆ ಓದುಗರಿಗೆ ವಿಜ್ಞಾನದ ಮೇಲಿನ ನಂಬಿಕೆ ಕಡಿಮೆ ಆಗುತ್ತದೆಯೇ ಎಂದು ನೋಡಬೇಕು. ಅರ್ಧ ಜನರಿಗೆ ಆ ಸಾಲು ಇರುವ ವರದಿ, ಉಳಿದವರಿಗೆ ಇಲ್ಲದ ವರದಿ. ಒಂದು ಸರ್ವೆ ಕಂಪನಿಯನ್ನು ಕೇಳಿದೆ. ಅವರು ಹೇಳಿದ ಮೊತ್ತ ನನ್ನ ಒಂದು ವರ್ಷದ ಫೆಲೋಶಿಪ್‌ಗಿಂತ ಜಾಸ್ತಿ! ವಿಷಯ ಬದಲಿಸಿಕೋ ಅನ್ನುತ್ತಾರೆ ನನ್ನ ಗೈಡ್. ಇಂಥ ಕೆಲಸಕ್ಕೆ ಹಣ ಕೊಡುವವರು ಯಾರಾದರೂ ಇದ್ದಾರಾ? ನನ್ನ ಪ್ರಶ್ನಾವಳಿಯನ್ನೂ ಜೊತೆಗೆ ಕಳಿಸಿದ್ದೇನೆ.

ಉತ್ತರ: ವಿಷಯ ಬದಲಿಸಬೇಡಿ. ಪ್ರಶ್ನೆ ಚೆನ್ನಾಗಿದೆ, ಒಂದು ಸಾಲಿನಲ್ಲಿ ಹೇಳುವಷ್ಟು ಸ್ಪಷ್ಟವಾಗಿದೆ. ಅದೇ ನಿಮ್ಮ ದೊಡ್ಡ ಆಸ್ತಿ. ಆದರೆ ಹುಡುಕುವ ದಿಕ್ಕು ಬದಲಾಗಬೇಕು. ನೀವು ಹಣ ಕೊಡುವವರನ್ನು ಹುಡುಕುತ್ತಿದ್ದೀರಿ. ಸರ್ವೆ ಪ್ರಯೋಗ ಮಾಡುವ ಹೊಸಬರಿಗೆ ಹಣಕ್ಕಿಂತ ಸುಲಭವಾಗಿ ಸಿಗುವುದು ಜನ, ಅಂದರೆ ಉತ್ತರಿಸುವವರು. ಚೆಕ್ ಬರುವುದಿಲ್ಲ. ಸರ್ವೆ ನಡೆಸುವ ಕೆಲವು ಸಂಸ್ಥೆಗಳು ನಿಮ್ಮ ಪ್ರಯೋಗವನ್ನು ತಮ್ಮ ಪ್ಯಾನೆಲ್‌ನಲ್ಲಿ, ಅಂದರೆ ಸರ್ವೆಗಳಿಗೆ ಉತ್ತರಿಸಲು ಒಪ್ಪಿಕೊಂಡ ಜನರ ಗುಂಪಿನಲ್ಲಿ, ನಡೆಸಿ ಡೇಟಾ ಕೈಗೆ ಕೊಡುತ್ತವೆ.

ಈ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. 1990ರ ದಶಕದಲ್ಲಿ ಪಾಲ್ ಸ್ನೈಡರ್‌ಮನ್ ಎಂಬ ರಾಜಕೀಯ ವಿಜ್ಞಾನಿ ಒಂದೇ ಟೆಲಿಫೋನ್ ಸರ್ವೆಯೊಳಗೆ ಹಲವು ಸಂಶೋಧಕರ ಪುಟ್ಟ ಪುಟ್ಟ ಪ್ರಯೋಗಗಳಿಗೆ ಜಾಗ ಮಾಡಿಕೊಟ್ಟರು. ಸರ್ವೆಯ ಖರ್ಚಿನಲ್ಲಿ ಬಹುಪಾಲು ಹೋಗುವುದು ಜನರನ್ನು ಹಿಡಿಯುವುದಕ್ಕೆ, ಒಪ್ಪಿಸುವುದಕ್ಕೆ. ಒಮ್ಮೆ ಒಪ್ಪಿಕೊಂಡವರಿಗೆ ಇನ್ನೂ ಮೂರು ಪ್ರಶ್ನೆ ಕೇಳುವುದಕ್ಕೆ ಹೆಚ್ಚು ಖರ್ಚಾಗುವುದಿಲ್ಲ. ಹಾಗಾದರೆ ಆ ಖರ್ಚನ್ನು ಎಲ್ಲರೂ ಹಂಚಿಕೊಳ್ಳಬಹುದು ಅಲ್ವಾ? ಇದೇ ಯೋಚನೆಯ ಮೇಲೆ 2001ರಲ್ಲಿ ಆರ್ಥರ್ ಲೂಪಿಯಾ ಮತ್ತು ಡಯಾನಾ ಮುಟ್ಜ್ ‘ಟೈಮ್-ಶೇರಿಂಗ್ ಎಕ್ಸ್‌ಪೆರಿಮೆಂಟ್ಸ್ ಫಾರ್ ದಿ ಸೋಶಿಯಲ್ ಸೈನ್ಸಸ್’ ಶುರು ಮಾಡಿದರು. ಎಲ್ಲರೂ ಕರೆಯುವುದು ಟೆಸ್ ಎಂದೇ. ಹಣ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನದು. ಸಂಶೋಧಕರು ಚಿಕ್ಕ ಪ್ರಪೋಸಲ್ ಕಳಿಸುತ್ತಾರೆ, ಅದೇ ಕ್ಷೇತ್ರದವರು ಓದಿ ವಿಮರ್ಶಿಸುತ್ತಾರೆ, ಆಯ್ಕೆಯಾದರೆ ಪ್ರಯೋಗ ಉಚಿತವಾಗಿ ನಡೆಯುತ್ತದೆ. ಪಿಎಚ್‌ಡಿ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಹೊಸ ಸಂಶೋಧಕರಿಗೆಂದೇ ಆಗಾಗ ಬೇರೆ ಸ್ಪರ್ಧೆಯನ್ನೂ ನಡೆಸಿದ್ದಾರೆ. ಕರೆ ಯಾವಾಗ ತೆರೆದಿರುತ್ತದೆ ಎಂಬುದು ಅವರ ಕೈಯಲ್ಲಿರುವ ಅನುದಾನದ ಮೇಲೆ ನಿಂತಿರುತ್ತದೆ. ಹಾಗಾಗಿ ಪ್ರಪೋಸಲ್ ಬರೆಯುವ ಮೊದಲು ಅದನ್ನು ನೋಡಿಕೊಳ್ಳಿ.

ಯುರೋಪಿನಲ್ಲೂ ಇಂಥ ಬಾಗಿಲುಗಳಿವೆ. ಜರ್ಮನಿಯ ಗೆಸಿಸ್ ಸಂಸ್ಥೆಯ ಪ್ಯಾನೆಲ್ ಸಂಶೋಧಕರಿಂದ ಪ್ರಪೋಸಲ್ ಕರೆದು, ಆಯ್ಕೆಯಾದವನ್ನು ಶುಲ್ಕವಿಲ್ಲದೆ ಸರ್ವೆಯೊಳಗೆ ಸೇರಿಸುತ್ತದೆ. ಬ್ರಿಟನ್ನಿನ ‘ಅಂಡರ್‌ಸ್ಟ್ಯಾಂಡಿಂಗ್ ಸೊಸೈಟಿ’ ಎಂಬ ದೊಡ್ಡ ಕುಟುಂಬ ಸರ್ವೆಗೆ 2008ರಿಂದ ‘ಇನೊವೇಶನ್ ಪ್ಯಾನೆಲ್’ ಎಂಬ ಚಿಕ್ಕ ತಂಗಿ ಇದೆ. ಅದು ಇರುವುದೇ ಪ್ರಯೋಗಗಳಿಗೆ. ನೆದರ್ಲೆಂಡ್ಸ್‌ನಲ್ಲಿ 2007ರಿಂದ ಲಿಸ್ ಪ್ಯಾನೆಲ್ ನಡೆಯುತ್ತಿದೆ, ಸುಮಾರು 5,000 ಮನೆಗಳು ಅದರಲ್ಲಿವೆ. ನಾರ್ವೆಯ ಬರ್ಗೆನ್‌ನಲ್ಲಿ 2013ರಿಂದ ‘ನಾರ್ವೇಜಿಯನ್ ಸಿಟಿಜನ್ ಪ್ಯಾನೆಲ್’ ಇದೆ.

ಇವುಗಳ ಹೆಚ್ಚುಗಾರಿಕೆ ಎಲ್ಲಿದೆ ಎಂದು ಹೇಳಲೇಬೇಕು, ಯಾಕೆಂದರೆ ಅಲ್ಲಿಂದಲೇ ನಿಮ್ಮ ಪ್ರಪೋಸಲ್ ಶುರುವಾಗಬೇಕು. ಮಾಮೂಲಿ ಆನ್‌ಲೈನ್ ಸರ್ವೆಗೆ ಯಾರು ಬರುತ್ತಾರೆ? ತಾವಾಗಿಯೇ ಹೆಸರು ಕೊಟ್ಟವರು. ಈ ಪ್ಯಾನೆಲ್‌ಗಳಲ್ಲಿ ಹಾಗಿಲ್ಲ. ವಿಳಾಸಗಳ ಅಥವಾ ಜನಸಂಖ್ಯೆಯ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಮನೆಗಳನ್ನೋ ವ್ಯಕ್ತಿಗಳನ್ನೋ ಆರಿಸಿ, ಅವರನ್ನೇ ಹುಡುಕಿಕೊಂಡು ಹೋಗುತ್ತಾರೆ. ಅವರ ಮನೆಯಲ್ಲಿ ಇಂಟರ್ನೆಟ್ ಇಲ್ಲದಿದ್ದರೆ? ಲಿಸ್ ಪ್ಯಾನೆಲ್‌ನವರು ಕಂಪ್ಯೂಟರ್ ಮತ್ತು ಸಂಪರ್ಕ ಎರಡನ್ನೂ ಕೊಟ್ಟರು. ಫ್ರಾನ್ಸಿನ ಎಲಿಪ್ಸ್ ಪ್ಯಾನೆಲ್‌ನವರು ಟ್ಯಾಬ್ಲೆಟ್ ಕೊಟ್ಟರು. ಟೆಸ್ ಮೊದಲು ಬಳಸುತ್ತಿದ್ದ ನಾಲೆಡ್ಜ್ ನೆಟ್‌ವರ್ಕ್ಸ್ ಕಂಪನಿ ಟಿವಿಗೆ ಜೋಡಿಸುವ ಇಂಟರ್ನೆಟ್ ಪೆಟ್ಟಿಗೆ ಕೊಡುತ್ತಿತ್ತು. ಗೆಸಿಸ್‌ನವರು ಆನ್‌ಲೈನ್‌ಗೆ ಬರಲಾರದವರಿಗೆ ಪ್ರಶ್ನಾವಳಿಯನ್ನು ಅಂಚೆಯಲ್ಲಿ ಕಳಿಸುತ್ತಾರೆ. ಇಂಟರ್ನೆಟ್ಟನ್ನೇ ಬಳಸದ ಅಜ್ಜಿಯೊಬ್ಬರ ಅಭಿಪ್ರಾಯ ‘ಆನ್‌ಲೈನ್’ ಸರ್ವೆಯಲ್ಲಿ ಸೇರುವುದು ಹೀಗೆ. ವಿಜ್ಞಾನದ ಮೇಲಿನ ನಂಬಿಕೆ ಅಂಥವರಲ್ಲಿ ಬೇರೆ ಥರ ಇರಬಹುದು. ನಿಮ್ಮ ಪ್ರಪೋಸಲ್‌ನಲ್ಲಿ ಇದನ್ನೇ ಹೇಳಿ: ನನ್ನ ಪ್ರಶ್ನೆಗೆ ಇಂಥ ಸ್ಯಾಂಪಲ್ (ಸರ್ವೆಗೆ ಆರಿಸಿದ ಜನ) ಯಾಕೆ ಬೇಕು, ಅಗ್ಗದ ಸ್ಯಾಂಪಲ್ ಯಾಕೆ ಸಾಲದು. ವಿಮರ್ಶಕರು ಮೊದಲು ಹುಡುಕುವುದು ಇದನ್ನೇ. ನಾನು ವಿಮರ್ಶೆಗೆ ಓದುವ ಪ್ರಪೋಸಲ್‌ಗಳಲ್ಲಿ ಈ ಭಾಗ ಇಲ್ಲದವೇ ಜಾಸ್ತಿ. ಸಿದ್ಧಾಂತಕ್ಕೆ ಮೂರು ಪುಟ ಕೊಟ್ಟಿರುತ್ತಾರೆ, ಸ್ಯಾಂಪಲ್‌ಗೆ ಒಂದು ಸಾಲು.

ಈಗ ನಿಮ್ಮ ಪ್ರಶ್ನಾವಳಿಗೆ ಬರೋಣ. ಅದರಲ್ಲಿ 14 ಪ್ರಶ್ನೆಗಳಿವೆ. ಹಂಚಿಕೊಂಡ ಸರ್ವೆಯಲ್ಲಿ ಅಷ್ಟು ಜಾಗ ಸಿಗುವುದಿಲ್ಲ. ಅಲ್ಲಿ ಪ್ರಶ್ನೆಗಳ ಸಂಖ್ಯೆ, ಜನರ ಸಂಖ್ಯೆ ಎರಡೂ ಒಂದೇ ಗಂಟಿನಿಂದ ಹೋಗಬೇಕು. ಪ್ರಶ್ನೆ ಹೆಚ್ಚಾದರೆ ಜನ ಕಡಿಮೆ. ಆದ್ದರಿಂದ ಕತ್ತರಿ ಹಿಡಿಯೋಣ.

ಮೊದಲ ಐದು ಪ್ರಶ್ನೆ ವಯಸ್ಸು, ಲಿಂಗ, ಓದು, ಆದಾಯ, ಉದ್ಯೋಗದ ಬಗ್ಗೆ. ಐದನ್ನೂ ತೆಗೆಯಿರಿ. ಪ್ಯಾನೆಲ್‌ನವರ ಹತ್ತಿರ ಆ ವಿವರ ಮೊದಲೇ ಇರುತ್ತದೆ, ಡೇಟಾದ ಜೊತೆ ಬರುತ್ತದೆ. ಆಮೇಲೆ ಪತ್ರಕರ್ತರು, ನ್ಯಾಯಾಲಯ, ವೈದ್ಯರು, ಪೊಲೀಸರ ಮೇಲೆ ಎಷ್ಟು ನಂಬಿಕೆ ಎಂದು ನಾಲ್ಕು ಪ್ರಶ್ನೆ. ಕುತೂಹಲಕ್ಕೆ ಸರಿ, ನಿಮ್ಮ ಊಹೆಗೆ ಬೇಕಿಲ್ಲ. ಪತ್ರಕರ್ತರದ್ದು ಒಂದನ್ನು ಇಟ್ಟುಕೊಳ್ಳಿ. ನಂಬಿಕೆ ಕುಗ್ಗಿದರೆ ಅದು ವಿಜ್ಞಾನಿಗಳ ಮೇಲೆಯೋ, ವರದಿ ಬರೆದವರ ಮೇಲೆಯೋ ಎಂದು ಆಗ ಗೊತ್ತಾಗುತ್ತದೆ. ವಿಜ್ಞಾನದ ಮೇಲಿನ ನಂಬಿಕೆಯ ಬಗ್ಗೆಯೇ ಮೂರು ಪ್ರಶ್ನೆ ಇವೆ, ಅವುಗಳಲ್ಲಿ ಎರಡು ಸಾಕು. ಉಳಿದವು ಎರಡು: ‘ವರದಿಯಲ್ಲಿ ವಿಜ್ಞಾನಿಗಳ ಒಮ್ಮತದ ಬಗ್ಗೆ ಏನು ಹೇಳಿತ್ತು, ನೆನಪಿದೆಯೇ?’ ಮತ್ತು ಗಮನವಿಟ್ಟು ಓದುತ್ತಿದ್ದಾರೆಯೇ ಎಂದು ನೋಡುವ ಪ್ರಶ್ನೆ.

ಈ ಎರಡರ ಹತ್ತಿರ ಸ್ವಲ್ಪ ನಿಲ್ಲೋಣ. ನೆನಪಿಲ್ಲ ಅಂದವರನ್ನು ಲೆಕ್ಕದಿಂದ ಬಿಡುತ್ತೇನೆ ಎಂದು ಬರೆದಿದ್ದೀರಿ. ಹಾಗೆ ಮಾಡಬೇಡಿ. ವರದಿ ಓದಿದ ಮೇಲೆ ಕೇಳಿದ ಪ್ರಶ್ನೆಯ ಆಧಾರದಲ್ಲಿ ಜನರನ್ನು ಬಿಟ್ಟರೆ ಎರಡು ಗುಂಪುಗಳು ಒಂದೇ ಥರ ಉಳಿಯುವುದಿಲ್ಲ. ಒಂದು ಗುಂಪಿನಿಂದ ಒಂದು ಬಗೆಯವರು, ಇನ್ನೊಂದರಿಂದ ಬೇರೆ ಬಗೆಯವರು ಹೊರಗೆ ಹೋಗುತ್ತಾರೆ. ಚೀಟಿ ಎತ್ತಿ ಗುಂಪು ಮಾಡಿದ್ದರ ಫಲವೇ ಹೋಯಿತು. 2018ರಲ್ಲಿ ಮಾಂಟ್‌ಗೊಮರಿ, ನೈಹನ್ ಮತ್ತು ಟೊರೆಸ್ ಇದನ್ನು ವಿವರವಾಗಿ ತೋರಿಸಿದ ಮೇಲೆ ವಿಮರ್ಶಕರು ಈ ಜಾಗವನ್ನು ಹುಡುಕಿ ನೋಡುತ್ತಾರೆ. ಗಮನದ ಪ್ರಶ್ನೆಯನ್ನು ವರದಿಗಿಂತ ಮೊದಲು ಕೇಳಿ. ನೆನಪಿನ ಪ್ರಶ್ನೆಯನ್ನು ಒಂದು ಚಿಕ್ಕ ಪೈಲಟ್‌ನಲ್ಲೇ, ಅಂದರೆ ಮುಂಚಿತವಾಗಿ ಕೆಲವರ ಮೇಲೆ ಮಾಡುವ ಪರೀಕ್ಷೆಯಲ್ಲೇ, ನೋಡಿ ಮುಗಿಸಿ. ಅಲ್ಲಿಗೆ 14 ಹೋಗಿ ನಾಲ್ಕಾಯಿತು.

ಇನ್ನೊಂದು ಮಾತು. ಒಂದು ಗುಂಪಿಗೆ ಹೆಚ್ಚುವರಿ ಸಾಲು ಇದೆ, ಇನ್ನೊಂದಕ್ಕೆ ಇಲ್ಲ. ಆಗ ವ್ಯತ್ಯಾಸ ಬಂದರೆ ಅದು ಆ ಸಾಲಿನ ಅರ್ಥದಿಂದಲೋ, ವಿಜ್ಞಾನಿಗಳ ಹೆಸರೆತ್ತಿದ್ದರಿಂದಲೋ? ಎರಡನೆಯ ಗುಂಪಿಗೂ ಅಷ್ಟೇ ಉದ್ದದ, ವಿಜ್ಞಾನಿಗಳನ್ನು ಹೆಸರಿಸುವ, ಆದರೆ ಒಮ್ಮತದ ಬಗ್ಗೆ ಏನೂ ಹೇಳದ ಸಾಲು ಕೊಡಿ. ‘ಈ ವಿಷಯದಲ್ಲಿ ಹಲವು ದೇಶಗಳ ವಿಜ್ಞಾನಿಗಳು ಕೆಲಸ ಮಾಡುತ್ತಿದ್ದಾರೆ’ ಎಂಬಂಥದ್ದು.

ನಿಮ್ಮ ಗೈಡ್‌ಗೆ ಒಂದು ಪುಟ ಬರೆದು ತೋರಿಸಿ: ಪ್ರಶ್ನೆ, ಎರಡು ವರದಿಗಳ ಪೂರ್ತಿ ಪಠ್ಯ, ನಾಲ್ಕು ಪ್ರಶ್ನೆಗಳು, ಎಷ್ಟು ಜನ ಬೇಕು. ಕೊನೆಗೆ, ನಂಬಿಕೆ ಕುಗ್ಗಿದರೆ ಏನು ಕಲಿತಂತಾಯಿತು, ಕುಗ್ಗದಿದ್ದರೆ ಏನು ಕಲಿತಂತಾಯಿತು. ಈ ಕೊನೆಯ ಎರಡನ್ನೂ ಒಂದೇ ಬಲದಿಂದ ಬರೆಯಲು ಬಂದರೆ ಪ್ರಪೋಸಲ್ ಸಿದ್ಧವಾಯಿತು ಎಂದೇ ತಿಳಿಯಿರಿ.

ಪ್ರಶ್ನೆ: ಸ್ವಲ್ಪ ಹಣ ನನ್ನ ಹತ್ತಿರವೇ ಇದೆ. ಯಾರದೋ ಆಯ್ಕೆಗೆ ತಿಂಗಳುಗಟ್ಟಲೆ ಕಾಯುವ ಬದಲು ಹಣ ಕೊಟ್ಟರೆ ಉತ್ತರಿಸುವವರು ಸಿಗುವ ಎಂಟರ್ಕ್ ಅಥವಾ ಪ್ರೊಲಿಫಿಕ್‌ನಂಥ ಆನ್‌ಲೈನ್ ವೇದಿಕೆಯಲ್ಲಿ ನಾನೇ ಮಾಡಿಬಿಡಬಹುದಲ್ಲ? ಎಷ್ಟು ಜನ ಸಾಕು?

ಉತ್ತರ: ಮಾಡಬಹುದು. ಎಷ್ಟೋ ಒಳ್ಳೆಯ ಕೆಲಸ ಅಲ್ಲಿಂದಲೇ ಬಂದಿದೆ. 2015ರಲ್ಲಿ ಮಲಿನಿಕ್ಸ್, ಲೀಪರ್, ಡ್ರಕ್‌ಮನ್ ಮತ್ತು ಫ್ರೀಸ್ ಪ್ರಕಟಿಸಿದ ಅಧ್ಯಯನದಲ್ಲಿ 20 ಪ್ರಯೋಗಗಳನ್ನು ರಾಷ್ಟ್ರವ್ಯಾಪಿ ಸ್ಯಾಂಪಲ್‌ನಲ್ಲೂ ಎಂಟರ್ಕ್‌ನಲ್ಲೂ ಹೋಲಿಸಿದ್ದರು. ಫಲಿತಾಂಶಗಳು ಸಾಕಷ್ಟು ಹೊಂದಿಕೊಂಡವು. ಆದರೆ 2018ರ ಬೇಸಿಗೆಯ ಹೊತ್ತಿಗೆ ಎಂಟರ್ಕ್‌ನಲ್ಲಿ ಅರ್ಥವಿಲ್ಲದ ಉತ್ತರಗಳ ಹಾವಳಿ ಎದ್ದಿತು. ಈಗ ಎಐ ಬರೆದ ಉತ್ತರಗಳ ಚಿಂತೆ ಎಲ್ಲ ವೇದಿಕೆಗಳಿಗೂ ಇದೆ. ಹೀಗಾಗಿ ಉತ್ತರಗಳ ಗುಣಮಟ್ಟ ಹೇಗೆ ನೋಡುತ್ತೀರಿ ಎಂಬುದನ್ನು ಡೇಟಾ ಬರುವ ಮೊದಲೇ ಬರೆದಿಡಿ.

ಎಷ್ಟು ಜನ ಎಂಬುದೇ ಮುಖ್ಯ ಪ್ರಶ್ನೆ. ಇದನ್ನು ಅಂದಾಜಿನ ಮೇಲೆ ಬಿಡಬೇಡಿ. ಎರಡು ಗುಂಪುಗಳ ಸರಾಸರಿಯ ನಡುವೆ 0.5 ಸ್ಟ್ಯಾಂಡರ್ಡ್ ಡೀವಿಯೇಶನ್‌ನಷ್ಟು (ಉತ್ತರಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ ಇದು) ದೊಡ್ಡ ವ್ಯತ್ಯಾಸ ಇದ್ದರೆ, ಅದನ್ನು ಹಿಡಿಯುವ ಸಾಧ್ಯತೆ ಶೇ. 80 ಇರಲು ಗುಂಪಿಗೆ ಸುಮಾರು 64 ಜನ ಸಾಕು. ವ್ಯತ್ಯಾಸ 0.2 ಆದರೆ ಗುಂಪಿಗೆ ಸುಮಾರು 400. 0.1 ಆದರೆ 1,500 ದಾಟುತ್ತದೆ. ವ್ಯತ್ಯಾಸ ಅರ್ಧ ಆದರೆ ಜನ ನಾಲ್ಕು ಪಟ್ಟು ಬೇಕು. ಒಂದೆರಡು ಸಾಲು ಓದಿಸಿ ಅಭಿಪ್ರಾಯ ಅಲುಗಾಡಿಸುವ ಪ್ರಯೋಗಗಳಲ್ಲಿ 0.5 ಸಿಗುವುದು ಅಪರೂಪ. 0.2ಕ್ಕೋ ಅದಕ್ಕಿಂತ ಕಡಿಮೆಗೋ ತಯಾರಾಗಿರಿ. ‘ಹೆಂಗಸರಲ್ಲಿ ಪರಿಣಾಮ ಬೇರೆ, ಗಂಡಸರಲ್ಲಿ ಬೇರೆ’ ಎಂದು ತೋರಿಸುವ ಆಸೆ ಇದ್ದರೆ ಲೆಕ್ಕ ಮತ್ತೆ ಮೇಲೇರುತ್ತದೆ. ಮುಖ್ಯ ಪರಿಣಾಮದಷ್ಟೇ ದೊಡ್ಡದಾದ ಆ ಅಂತರವನ್ನು ಹಿಡಿಯಲು ಮತ್ತೂ ನಾಲ್ಕು ಪಟ್ಟು ಜನ ಬೇಕು.

ದುಡ್ಡಿನ ಲೆಕ್ಕ ಹೀಗೆ. ಪ್ರೊಲಿಫಿಕ್‌ನಲ್ಲಿ ಉತ್ತರಿಸುವವರಿಗೆ ಗಂಟೆಗೆ ಕನಿಷ್ಠ 6 ಪೌಂಡ್ ಕೊಡಬೇಕು. ಆ ಕನಿಷ್ಠಕ್ಕೆ ಅಂಟಿಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅವರ ಸಮಯದ ಮೇಲೆ ನಿಮ್ಮ ಪದವಿ ನಿಂತಿದೆ. 9 ಪೌಂಡ್ ಎಂದು ಇಟ್ಟುಕೊಂಡರೆ ಐದು ನಿಮಿಷಕ್ಕೆ 75 ಪೆನ್ಸ್. ಗುಂಪಿಗೆ 400ರಂತೆ 800 ಜನರಿಗೆ 600 ಪೌಂಡ್, ಜೊತೆಗೆ ವೇದಿಕೆಯ ಶುಲ್ಕ. ಎಂಟರ್ಕ್‌ನಲ್ಲಿ ಕೊಡುವ ಹಣದ ಮೇಲೆ ಶೇ. 20 ಶುಲ್ಕ. ಒಂದೇ ಕೆಲಸವನ್ನು ಹತ್ತು ಅಥವಾ ಹೆಚ್ಚು ಜನರಿಂದ ಮಾಡಿಸಿದರೆ ಇನ್ನೂ ಶೇ. 20. ಸರ್ವೆ ಅಂದಮೇಲೆ ಹತ್ತು ದಾಟುತ್ತದೆ, ಹಾಗಾಗಿ 40 ಎಂದೇ ಲೆಕ್ಕ ಹಾಕಿ. ಈ ದರಗಳು ಬದಲಾಗುತ್ತಿರುತ್ತವೆ, ಅರ್ಜಿಗೆ ಅಂಕಿ ಹಾಕುವ ದಿನ ಮತ್ತೊಮ್ಮೆ ನೋಡಿ.

ಮೊತ್ತ ಹೀಗೆ ನೂರುಗಳಲ್ಲಿ ಬಂದಾಗ ನಿಮ್ಮ ವಿಭಾಗದ ಚಿಕ್ಕ ನಿಧಿ, ವೃತ್ತಿ ಸಂಘಗಳ ಸಣ್ಣ ಅನುದಾನ, ಪ್ರಬಂಧಕ್ಕೆಂದು ಇರುವ ಸಹಾಯಧನ ಎಲ್ಲವೂ ಕೈಗೆಟಕುವ ದೂರದಲ್ಲಿರುತ್ತವೆ. ‘ಸರ್ವೆಗೆ ಹಣ ಬೇಕು’ ಎಂದು ಕೇಳಿದರೆ ಯಾರೂ ಕೊಡುವುದಿಲ್ಲ. 800 ಜನ, ಐದು ನಿಮಿಷ, ಇಷ್ಟು ದರ, ಈ ಕಾರಣಕ್ಕೆ 800 ಎಂದು ಬರೆದರೆ ಓದುವವರಿಗೆ ಇಲ್ಲ ಅನ್ನಲು ಕಷ್ಟವಾಗುತ್ತದೆ.

ಹಂಚಿಕೊಂಡು ಕೊಳ್ಳುವ ದಾರಿಯೂ ಇದೆ. ಅಮೆರಿಕದ ‘ಕೋಆಪರೇಟಿವ್ ಎಲೆಕ್ಷನ್ ಸ್ಟಡಿ’ 2006ರಿಂದ ಹೀಗೇ ನಡೆಯುತ್ತಿದೆ. ಒಂದೊಂದು ವಿಶ್ವವಿದ್ಯಾಲಯದ ತಂಡ 1,000 ಜನರ ಒಂದು ಪಾಲು ಕೊಳ್ಳುತ್ತದೆ. ಅರ್ಧ ಪ್ರಶ್ನೆಗಳು ತಂಡದವು, ಉಳಿದರ್ಧ ಎಲ್ಲರಿಗೂ ಸಾಮಾನ್ಯ. ಎಲ್ಲ ಪಾಲು ಸೇರಿದಾಗ ಸಾಮಾನ್ಯ ಪ್ರಶ್ನೆಗಳಿಗೆ ಹತ್ತಾರು ಸಾವಿರ ಜನರ ಉತ್ತರ ಸಿಗುತ್ತದೆ. ನಿಮ್ಮ ಸ್ನೇಹಿತರು ನಾಲ್ಕು ಜನ ಸೇರಿ ಒಂದೇ ಸರ್ವೆಯಲ್ಲಿ ನಾಲ್ಕು ಪುಟ್ಟ ಪ್ರಯೋಗ ನಡೆಸುವುದಕ್ಕೂ ಇದೇ ಮಾದರಿ ಸಾಕು. ಆದರೆ ಒಬ್ಬರ ಪ್ರಯೋಗ ಇನ್ನೊಬ್ಬರದ್ದನ್ನು ಕೆಡಿಸದ ಹಾಗೆ ಕ್ರಮವನ್ನು ಜನರಿಂದ ಜನರಿಗೆ ಅದಲು ಬದಲು ಮಾಡಿ.

ಪ್ರಶ್ನೆ: ನಾನು ಕಾಲೇಜು ಅಧ್ಯಾಪಕ. ನೀವು ಹೇಳುವ ಪ್ಯಾನೆಲ್‌ಗಳು ಯಾವುದೋ ಒಂದೊಂದು ದೇಶದವು. ಆ ದೇಶದವನಲ್ಲದ ನಾನು ಅರ್ಜಿ ಹಾಕಿದರೆ ಸುಮ್ನೆ ಪಕ್ಕಕ್ಕಿಡುತ್ತಾರೆ ಅಲ್ಲವೇ?

ಉತ್ತರ: ಇಲ್ಲ. ಅಮೆರಿಕದ ಹೊರಗಿನ ಸಂಶೋಧಕರೂ ಟೆಸ್‌ನಲ್ಲಿ ಪ್ರಯೋಗ ನಡೆಸಿದ್ದಾರೆ. ಬೇರೆ ಪ್ಯಾನೆಲ್‌ಗಳ ಅರ್ಹತೆಯ ನಿಯಮ ಬೇರೆ ಬೇರೆ ಇರುತ್ತದೆ. ಎರಡು ಸಾಲಿನ ಇಮೇಲ್ ಬರೆದು ಕೇಳಿ, ಪ್ಯಾನೆಲ್ ನಡೆಸುವವರು ಇಂಥ ಪ್ರಶ್ನೆಗೆ ಉತ್ತರಿಸುತ್ತಾರೆ. ನಿಮ್ಮ ಮುಂದಿರುವ ನಿಜವಾದ ಕಷ್ಟ ಬೇರೆ. ನಿಮ್ಮ ಪ್ರಶ್ನೆಗೆ ಆ ದೇಶದ ಜನ ಸರಿಯಾದ ಜನವೇ? ಮನುಷ್ಯರು ಅಂಕಿ-ಅಂಶವನ್ನು ಹೇಗೆ ಓದುತ್ತಾರೆ ಎಂಬಂಥ ಪ್ರಶ್ನೆಯಾದರೆ ಎಲ್ಲಿಯ ಸ್ಯಾಂಪಲ್ ಆದರೂ ವಾದ ಕಟ್ಟಬಹುದು. ಒಂದು ದೇಶದ ಪಕ್ಷಗಳು, ಪಿಂಚಣಿ, ಆರೋಗ್ಯ ವ್ಯವಸ್ಥೆಯ ಬಗ್ಗೆ ಆದರೆ ಅಲ್ಲಿ ಬದುಕಿ ಬಲ್ಲ ಸಹಲೇಖಕರು ಬೇಕೇ ಬೇಕು. ಪ್ರಶ್ನೆಯ ಭಾಷೆ ಅಲ್ಲಿಯವರ ಕಿವಿಗೆ ಹೇಗೆ ಕೇಳುತ್ತದೆ ಎಂಬುದನ್ನು ಅವರು ಮಾತ್ರ ಹೇಳಬಲ್ಲರು.

ಜೊತೆಗಾರರು ಇಲ್ಲವೇ? ‘ಸೈಕಲಾಜಿಕಲ್ ಸೈನ್ಸ್ ಆಕ್ಸಿಲರೇಟರ್’ ಎಂಬ ಜಾಲ 2017ರಿಂದ ಇದೆ. ಹಲವು ದೇಶಗಳ ಪ್ರಯೋಗಾಲಯಗಳು ಸೇರಿ ಆಯ್ಕೆಯಾದ ಒಂದು ಅಧ್ಯಯನಕ್ಕೆ ತಂತಮ್ಮ ಕಡೆ ಡೇಟಾ ಸಂಗ್ರಹಿಸಿ ಕೊಡುತ್ತವೆ. ಮನೋವಿಜ್ಞಾನಕ್ಕೆ ಹತ್ತಿರವಾದ ಪ್ರಶ್ನೆಯಾದರೆ ನೋಡಿ. ಮೊದಲು ಬೇರೆಯವರ ಅಧ್ಯಯನಕ್ಕೆ ಡೇಟಾ ಕೂಡಿಸಿಕೊಡುವ ತಂಡವಾಗಿ ಸೇರಿಕೊಳ್ಳಿ. ಕೆಲಸ ಕಲಿತಂತೆಯೂ ಆಯಿತು, ಪರಿಚಯವೂ ಆಯಿತು.

ಪ್ರಶ್ನೆ: ನನ್ನ ಪ್ರಯೋಗಕ್ಕೆ ಅವಕಾಶ ಸಿಕ್ಕಿತು, ನಡೆಯಿತು, ಆದರೆ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಬರಲಿಲ್ಲ. ಮುಂದಿನ ಅನುದಾನ ಕೇಳುವಾಗ ಇದನ್ನು ಹೇಳಬೇಕೇ, ಮುಚ್ಚಿಡಬೇಕೇ?

ಉತ್ತರ: ಹೇಳಿ. ದಯವಿಟ್ಟು ಹೇಳಿ. ಟೆಸ್‌ನಲ್ಲಿ ನಡೆದ ಎಲ್ಲ ಪ್ರಯೋಗಗಳ ದಾಖಲೆ ಇರುವುದರಿಂದ ಮೂವರು ಸಂಶೋಧಕರಿಗೆ ಒಂದು ಅಪರೂಪದ ಲೆಕ್ಕ ಮಾಡಲು ಸಾಧ್ಯವಾಯಿತು. ಫ್ರಾಂಕೊ, ಮಲ್ಹೋತ್ರಾ ಮತ್ತು ಸಿಮೊನೊವಿಟ್ಸ್ ಅಲ್ಲಿಯ 221 ಅಧ್ಯಯನಗಳ ಬೆನ್ನು ಹತ್ತಿ ಅವು ಕೊನೆಗೆ ಏನಾದವು ಎಂದು ಹುಡುಕಿದರು. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಪರಿಣಾಮ ಇಲ್ಲ ಎಂದು ಬಂದ ಅಧ್ಯಯನಗಳಿಗೆ ಹೋಲಿಸಿದರೆ, ಗಟ್ಟಿ ಪರಿಣಾಮ ಸಿಕ್ಕವು ಪ್ರಕಟವಾಗುವ ಸಾಧ್ಯತೆ ಶೇಕಡಾ 40 ಅಂಶಗಳಷ್ಟು ಜಾಸ್ತಿ. ಬರೆಯಲ್ಪಡುವ ಸಾಧ್ಯತೆ 60 ಅಂಶಗಳಷ್ಟು ಜಾಸ್ತಿ. ಈ ಎರಡನೆಯ ಸಂಖ್ಯೆಯನ್ನು ಗಮನಿಸಿ. ಸಂಪಾದಕರು ತಿರಸ್ಕರಿಸುವುದಕ್ಕಿಂತ ಮೊದಲೇ, ಸಂಶೋಧಕರೇ ಬರೆಯದೆ ಕೈಬಿಟ್ಟಿದ್ದರು. ಸಾರ್ವಜನಿಕ ಹಣದಲ್ಲಿ, ಸಾವಿರಾರು ಜನರ ಸಮಯದಲ್ಲಿ ಸಿಕ್ಕ ಉತ್ತರ ಅದು. ಅದು ಗೊತ್ತಿಲ್ಲದೆ ಇನ್ನೊಬ್ಬ ವಿದ್ಯಾರ್ಥಿ ಅದೇ ಪ್ರಯೋಗಕ್ಕೆ ಮತ್ತೆ ಅರ್ಜಿ ಹಾಕುತ್ತಾನೆ. ನನಗೆ ಇದು ಬಹಳ ನೋವಿನ ಸಂಗತಿ.

ನಿಮ್ಮ ಹೊಸ ಅರ್ಜಿಯಲ್ಲಿ ಹೀಗೆ ಬರೆಯಿರಿ: ಗುಂಪಿಗೆ ಇಷ್ಟು ಜನ ಇದ್ದರು, ಇಷ್ಟು ಚಿಕ್ಕ ವ್ಯತ್ಯಾಸವನ್ನೂ ಹಿಡಿಯುವ ಶಕ್ತಿ ಪ್ರಯೋಗಕ್ಕೆ ಇತ್ತು, ಸಿಗಲಿಲ್ಲ. ಹಾಗಾಗಿ ಈ ಸಲ ವರದಿಯ ಮಾತನ್ನು ಬಿಟ್ಟು ಹೇಳುವವರು ಯಾರು ಎಂಬುದನ್ನು ಬದಲಿಸಿ ನೋಡುತ್ತೇನೆ. ಪ್ರಯೋಗ ನಡೆಸುವ ಮೊದಲೇ ಓಎಸ್‌ಎಫ್ ಅಥವಾ ಆ್ಯಸ್‌ಪ್ರಿಡಿಕ್ಟೆಡ್ ಎಂಬ ಜಾಲತಾಣದಲ್ಲಿ ಯೋಜನೆಯನ್ನು ನೋಂದಾಯಿಸಿದ್ದರೆ ಅದನ್ನೂ ಸೇರಿಸಿ. ಮುಂದಿನ ಸಲ ‘ರಿಜಿಸ್ಟರ್ಡ್ ರಿಪೋರ್ಟ್’ ತೆಗೆದುಕೊಳ್ಳುವ ಪತ್ರಿಕೆಗೆ ಹೋಗಿ. 2013ರಲ್ಲಿ ‘ಕಾರ್ಟೆಕ್ಸ್’ ಎಂಬ ಸಂಶೋಧನಾ ಪತ್ರಿಕೆ ಶುರು ಮಾಡಿದ ಪದ್ಧತಿ ಅದು. ಡೇಟಾ ಬರುವ ಮೊದಲೇ ವಿನ್ಯಾಸ ನೋಡಿ ಒಪ್ಪಿಕೊಳ್ಳುತ್ತಾರೆ. ಯೋಜನೆಯಂತೆ ನಡೆಸಿದರೆ ಫಲಿತಾಂಶ ಏನೇ ಬಂದರೂ ಪ್ರಕಟಿಸುತ್ತಾರೆ.

ಪ್ರಶ್ನೆ: ತಪ್ಪು ಮಾಹಿತಿಯ ಬಗ್ಗೆ ಪ್ರಯೋಗ ಮಾಡಬೇಕೆಂದಿದ್ದೇನೆ. ಈ ವಿಷಯಕ್ಕೆ ಈಗ ಅನುದಾನ ಸಿಗುತ್ತದೆಯೇ?

ಉತ್ತರ: ಒಂದೇ ಕಡೆ ನಂಬಿ ಕೂರಬೇಡಿ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ತಪ್ಪು ಮಾಹಿತಿಯ ವಿಷಯದ ಹಲವು ಅನುದಾನಗಳನ್ನು ನಡುವೆಯೇ ನಿಲ್ಲಿಸಿತು. ಒಪ್ಪಿಗೆ ಸಿಕ್ಕಿ ಕೆಲಸ ಶುರುವಾಗಿದ್ದವೂ ಅದರಲ್ಲಿದ್ದವು. ನಿಮ್ಮ ಪ್ರಯೋಗವನ್ನು ಎರಡು ಹಂತ ಮಾಡಿ. ಮೊದಲನೆಯದು ಚಿಕ್ಕದು, ವಿಭಾಗದ ನಿಧಿಯಲ್ಲೇ ಮುಗಿಯುವಂಥದ್ದು, ಅಷ್ಟಕ್ಕೇ ಒಂದು ಅಧ್ಯಾಯ ಆಗುವಂಥದ್ದು. ಎರಡನೆಯದನ್ನು ಎರಡು ಬೇರೆ ದೇಶಗಳ ಪ್ಯಾನೆಲ್‌ಗೆ ಬರೆಯಿರಿ. ತಪ್ಪು ಮಾಹಿತಿ ಓದಿದವರಿಗೆ ಸರ್ವೆಯ ಕೊನೆಯಲ್ಲಿ ನಿಜ ಏನೆಂದು ತಿಳಿಸುವ ಪುಟ ಇರಲೇಬೇಕು. ನೈತಿಕ ಸಮಿತಿಯವರು ಅದನ್ನು ಕೇಳುತ್ತಾರೆ. ಅವರ ಅನುಮತಿಗೆ ಈ ವಾರವೇ ಅರ್ಜಿ ಕೊಡಿ, ಅನುದಾನದ ಉತ್ತರ ಬರಲಿ ಎಂದು ಕಾಯಬೇಡಿ.